ಬಿಎ ಓದುತ್ತಾ ಗ್ರೀಕ್, ಲ್ಯಾಟಿನ್ ಕಲಿಯಬಹುದಾ?

ತುಮಕೂರಿನಲ್ಲಿ ಬಿಎ ಎರಡನೇ ವರ್ಷ. ಊರು ತುರುವೇಕೆರೆ ಕಡೆ. ಇಂಗ್ಲಿಷ್‌ನಲ್ಲಿ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ನಾಟಕ ಓದಿದ ಮೇಲೆ ಮೂಲದಲ್ಲೇ ಓದಬೇಕು ಅನ್ನಿಸಿಬಿಟ್ಟಿದೆ. ಕಾಲೇಜಿನಲ್ಲಿ ಕಲಿಸುವವರಿಲ್ಲ. ಬಸ್ಸಿನಲ್ಲಿ ದಿನಾ ಎರಡು ಗಂಟೆ ಸಿಗುತ್ತದೆ. ಯಾವ ಭಾಷೆಯಿಂದ ಶುರು ಮಾಡಲಿ?

ಉತ್ತರ 1
ಲ್ಯಾಟಿನ್‌ನಿಂದ ಮಾಡಿ. ನಾನು ಶಿರಾದಲ್ಲಿ ಮೇಷ್ಟ್ರು, ಮೂರು ವರ್ಷದಿಂದ ಸ್ವಂತವಾಗಿ ಕಲಿಯುತ್ತಿದ್ದೇನೆ. ವಿಭಕ್ತಿ ನಮಗೆ ಹೊಸದಲ್ಲ ಅಲ್ವಾ? ‘ಪುಎಲ್ಲಾ’ ಅಂದರೆ ಹುಡುಗಿ, ‘ಪುಎಲ್ಲಂ’ ಅಂದರೆ ಹುಡುಗಿಯನ್ನು. ಕ್ರಿಯಾಪದವೂ ಹೆಚ್ಚಾಗಿ ನಮ್ಮ ಹಾಗೇ ಕೊನೆಗೆ ಬರುತ್ತದೆ. ಕಷ್ಟ ಇರುವುದು ಬೇರೆ ಕಡೆ. ‘ಪುಎಲ್ಲೈ’ ಅನ್ನೋದು ಹುಡುಗಿಯ, ಹುಡುಗಿಗೆ, ಹುಡುಗಿಯರು, ಮೂರೂ ಆಗಬಹುದು! ಇಡೀ ವಾಕ್ಯ ನೋಡಿಯೇ ಅರ್ಥ ಹಿಡಿಯಬೇಕು. ಸುಮ್ನೆ ಪಟ್ಟಿ ಬಾಯಿಪಾಠ ಮಾಡಬೇಡಿ. ದಿನಾ ಐದು ವಾಕ್ಯ ಕನ್ನಡಕ್ಕೆ ತನ್ನಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಉತ್ತರ 2
ಮೇಷ್ಟ್ರೇ, ನಾನು ಒಪ್ಪುವುದಿಲ್ಲ. ಆಸೆ ಇರುವುದು ಗ್ರೀಕ್ ನಾಟಕದ ಮೇಲೆ, ಹಾಗಾಗಿ ಗ್ರೀಕ್ ಕಲಿಯಲಿ. ಅಕ್ಷರ 24 ಮಾತ್ರ, ಒಂದು ವಾರ ಸಾಕು. ಕ್ರಿಯಾಪದದ ರೂಪಗಳು ಜಾಸ್ತಿ, ಅದಕ್ಕೆ ತಾಳ್ಮೆ ಬೇಕು. ತಂಗೀ, ಬಿಎಂಶ್ರೀ ಹುಟ್ಟಿದ ಸಂಪಿಗೆ ನಿಮ್ಮ ತಾಲ್ಲೂಕಿನದೇ! ಅವರ ‘ಅಶ್ವತ್ಥಾಮನ್’ ಹುಟ್ಟಿದ್ದು ಸೊಫೊಕ್ಲಿಸನ ‘ಅಜಾಕ್ಸ್’ನಿಂದ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ. ಪರ್ಸಿಯಸ್ ಜಾಲತಾಣದಲ್ಲಿ ಮೂಲ ಪಠ್ಯ ಪುಕ್ಕಟೆ ಸಿಗುತ್ತದೆ. ಪದ ಒತ್ತಿದರೆ ಅದರ ರೂಪ, ಅರ್ಥ ಬರುತ್ತದೆ.

ಕೇಳಿದವರು
ಸಂಪಿಗೆ ನಮ್ಮಜ್ಜಿಯ ಊರು! ಇದು ನನಗೆ ಗೊತ್ತೇ ಇರಲಿಲ್ಲ. ಗ್ರೀಕ್ ಅಕ್ಷರ ಇವತ್ತೇ ಬರೆಯಲು ಕೂರುತ್ತೇನೆ.