ರೋಸೆನ್‌ಬರ್ಗ್: ಜರ್ಮನ್ ಹೆಸರಾ, ಯಹೂದಿ ಹೆಸರಾ? ಹುಡುಕಿದವರು ದಾರಿ ಹೇಳಿ

ಪ್ರಶ್ನೆ: ನಮ್ಮ ಅಳಿಯ ಜರ್ಮನಿಯವರು, ಮನೆತನದ ಹೆಸರು ರೋಸೆನ್‌ಬರ್ಗ್. ಮೊಮ್ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬಾ ಅಂದಿದ್ದಾರೆ. ಇದು ಯಹೂದಿ ಹೆಸರು ಅಂತ ಕೆಲವರು, ಬರೀ ಜರ್ಮನ್ ಅಂತ ಕೆಲವರು. ಅಳಿಯನ ಕಡೆ ಹಿರಿಯರು ಯಾರೂ ಉಳಿದಿಲ್ಲ. ಹೇಗೆ ತಿಳಿಯೋದು?

ಉತ್ತರ 1: ಎರಡೂ ಆಗಿರಬಹುದು, ಹೆಸರು ನೋಡಿ ತೀರ್ಮಾನ ಮಾಡಬೇಡಿ. ರೋಸೆನ್‌ಬರ್ಗ್ ಅನ್ನೋ ಊರು, ಕೋಟೆಗಳು ಜರ್ಮನ್ ಸೀಮೆಯಲ್ಲಿ ಹಲವು ಇವೆ, ಅಲ್ಲಿಂದ ಬಂದ ಕ್ರೈಸ್ತರಿಗೂ ಅದೇ ಹೆಸರು ಉಳಿಯಿತು. ಈಗಿನ ಚೆಕ್ ದೇಶದ ಬೊಹೆಮಿಯಾ ಸೀಮೆಯಲ್ಲಿ ಈ ಹೆಸರಿನ ದೊಡ್ಡ ಜಹಗೀರುದಾರ ಮನೆತನವೇ ಇತ್ತು. ಸ್ವೀಡನ್ನಿನಲ್ಲೂ ರೋಸೆನ್‌ಬರ್ಗ್‌ಗಳಿದ್ದಾರೆ. 1918ರಲ್ಲಿ ಯುದ್ಧಭೂಮಿಯಲ್ಲಿ ಸತ್ತ ಇಂಗ್ಲಿಷ್ ಕವಿ ಐಸಾಕ್ ರೋಸೆನ್‌ಬರ್ಗ್ ಯಹೂದಿ. ಯಹೂದಿದ್ವೇಷವನ್ನೇ ಸಿದ್ಧಾಂತ ಮಾಡಿಕೊಂಡು 1946ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಗಲ್ಲಿಗೇರಿದ ನಾಜಿ ಆಲ್ಫ್ರೆಡ್ ರೋಸೆನ್‌ಬರ್ಗ್ ಯಹೂದಿ ಅಲ್ಲ.

ಯಹೂದಿಗಳಲ್ಲಿ ಮೊದಲು ಹೆಚ್ಚಿನವರಿಗೆ ಖಾಯಂ ಮನೆತನದ ಹೆಸರು ಇರಲಿಲ್ಲ. ಯಾಕೋಬನ ಮಗ ಮೋಶೆ ಅಂದರೆ ಸಾಕಿತ್ತು, ನಮ್ಮ ಹಳೇ ಮೈಸೂರಿನ ಕಡೆ ಅಪ್ಪನ ಹೆಸರಿನ ಇನಿಷಿಯಲ್ ಇಟ್ಟುಕೊಳ್ಳುವ ಹಾಗೆ. 1787ರಲ್ಲಿ ಆಸ್ಟ್ರಿಯಾ ಆಳುತ್ತಿದ್ದ ಚಕ್ರವರ್ತಿ ಎರಡನೇ ಜೋಸೆಫ್ ತನ್ನ ಆಳ್ವಿಕೆಯ ಯಹೂದಿಗಳೆಲ್ಲ ಜರ್ಮನ್ ಹೆಸರು ಇಟ್ಟುಕೊಳ್ಳಲೇಬೇಕು ಅಂತ ಆಜ್ಞೆ ಮಾಡಿದ. 1808ರಲ್ಲಿ ನೆಪೋಲಿಯನ್, 1812ರಲ್ಲಿ ಜರ್ಮನ್ ಸೀಮೆಯ ಪ್ರಷ್ಯಾ ರಾಜ್ಯದ ಸರ್ಕಾರ ಅದೇ ದಾರಿ ಹಿಡಿದವು. ಆಗ ಬೇರೆ ಬೇರೆ ಊರಿನಲ್ಲಿ, ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಕುಟುಂಬಗಳು ರೋಸೆನ್‌ಬರ್ಗ್, ಗೋಲ್ಡ್‌ಸ್ಟೈನ್‌ನಂಥ ಹೆಸರು ಪಡೆದವು. ಹಾಗಾಗಿ ಇಬ್ಬರು ರೋಸೆನ್‌ಬರ್ಗ್‌ಗಳು ನೆಂಟರೇ ಆಗಬೇಕಿಲ್ಲ. ಇಂಟರ್‌ನೆಟ್ಟಲ್ಲಿ ಸಿಕ್ಕ ಯಾರದೋ ವಂಶವೃಕ್ಷಕ್ಕೆ ನಿಮ್ಮದನ್ನು ಅಂಟಿಸಬೇಡಿ, ದಯವಿಟ್ಟು.

ಉತ್ತರ 2: ನನ್ನ ಗಂಡನ ಮನೆಯವರಿಗಾಗಿ ನಾನು ಹುಡುಕಿದ್ದೇನೆ, ಹೆಸರು ಬೇರೆ, ದಾರಿ ಇದೇ. ಮೊದಲು ಊರು ಗೊತ್ತಾಗಬೇಕು, ಅದಿಲ್ಲದೆ ಏನೂ ಆಗಲ್ಲ. ಅಳಿಯನ ಅಪ್ಪ ಅಮ್ಮನ ಮದುವೆ ಪತ್ರದಿಂದ ಶುರು ಮಾಡಿ. ಹುಟ್ಟು, ಮದುವೆ, ಸಾವು ಬರೆಯುವ ಕಚೇರಿಗೆ ಅಲ್ಲಿ ಸ್ಟಾಂಡೆಸಾಮ್ಟ್ ಅಂತಾರೆ, ಇಡೀ ಜರ್ಮನಿಗೆ 1876ರಲ್ಲಿ ಬಂತು. ಹುಟ್ಟಿನ ದಾಖಲೆ 110 ವರ್ಷ, ಮದುವೆಯದು 80, ಸಾವಿನದು 30 ವರ್ಷ ಅಲ್ಲೇ ಇರುತ್ತದೆ, ಆಮೇಲೆ ಪತ್ರಾಗಾರಕ್ಕೆ ಹೋಗುತ್ತದೆ. ಕಚೇರಿಯಲ್ಲೇ ಇರುವ ದಾಖಲೆಗೆ ಅಳಿಯನ ಹೆಸರಲ್ಲೇ ಅರ್ಜಿ ಹಾಕಿ, ನೇರ ವಂಶದವರಿಗೆ ಸುಲಭವಾಗಿ ಕೊಡುತ್ತಾರೆ.

ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಆ ಹಳೇ ಹಾಳೆಯಲ್ಲೇ. ತಂದೆ ತಾಯಿಯ ಹೆಸರಿನ ಪಕ್ಕ ಧರ್ಮವನ್ನೂ ಬರೆಯುತ್ತಿದ್ದರು: ಪ್ರೊಟೆಸ್ಟಂಟರಾದರೆ ಎವಾಂಗೆಲಿಶ್, ಕ್ಯಾಥೊಲಿಕರಾದರೆ ಕಥೋಲಿಶ್, ಯಹೂದಿಗಳಾದರೆ ಮೊಸಾಯಿಶ್ ಅಥವಾ ಇಸ್ರಾಯೆಲಿಟಿಶ್. ನಮಗೆ ಸಿಕ್ಕ ಹುಟ್ಟಿನ ದಾಖಲೆಯ ಅಂಚಿನಲ್ಲಿ ಬೇರೆ ಕೈಬರಹದಲ್ಲಿ ಇನ್ನೊಂದು ಸಾಲಿತ್ತು, ಈಕೆ 'ಸಾರಾ' ಅನ್ನೋ ಹೆಸರನ್ನೂ ಸೇರಿಸಿಕೊಂಡಿದ್ದಾಳೆ ಅಂತ. 1939ರ ಜನವರಿಯಿಂದ ನಾಜಿ ಸರ್ಕಾರ ಯಹೂದಿ ಹೆಂಗಸರಿಗೆ ಸಾರಾ, ಗಂಡಸರಿಗೆ ಇಸ್ರಾಯೆಲ್ ಅಂತ ಬಲವಂತವಾಗಿ ಸೇರಿಸಿತ್ತು. ಅದರ ಕೆಳಗೆ ಯುದ್ಧ ಮುಗಿದ ಮೇಲೆ ಅದನ್ನು ರದ್ದು ಮಾಡಿದ ಟಿಪ್ಪಣಿ. ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಹಾಗಾಗಿ ಕಾಗದ ಬಂದ ಮೇಲೆ ಮೊದಲು ದೊಡ್ಡವರು ಓದಿ, ಮಗುವಿಗೆ ಎಷ್ಟು ಹೇಳಬೇಕು ಅಂತ ಯೋಚಿಸಿ.

ಮೊಸಾಯಿಶ್ ಅಂತ ಕಂಡರೆ ನಾಜಿಗಳು ಕೊಂದ ಯಹೂದಿಗಳ ನೆನಪಿಗಾಗಿ ಇಸ್ರೇಲಿನಲ್ಲಿರುವ ಯಾದ್ ವಶೇಮ್ ಸಂಸ್ಥೆಯ ಹೆಸರುಗಳ ಪಟ್ಟಿಯನ್ನೂ, ನಾಜಿ ಕಾಲದ ಸಂತ್ರಸ್ತರ ದಾಖಲೆಗಳಿರುವ ಜರ್ಮನಿಯ ಆರೋಲ್ಸೆನ್ ಪತ್ರಾಗಾರವನ್ನೂ ಇಂಟರ್‌ನೆಟ್ಟಲ್ಲಿ ನೋಡಿ, ಎರಡೂ ಉಚಿತ.

ಉತ್ತರ 3: ಕ್ರೈಸ್ತ ಮನೆತನ ಅಂತಾದರೆ 1876ಕ್ಕಿಂತ ಹಿಂದಿನದಕ್ಕೆ ಚರ್ಚ್ ಪುಸ್ತಕಗಳು, ಅಂದರೆ ದೀಕ್ಷಾಸ್ನಾನ, ಮದುವೆ, ಸಾವು ಬರೆದಿಟ್ಟ ಚರ್ಚಿನ ದಾಖಲೆಗಳು. ಪ್ರೊಟೆಸ್ಟಂಟರದು ಆರ್ಕಿಯೋನ್ ತಾಣದಲ್ಲಿ, ಕ್ಯಾಥೊಲಿಕರದು ಮಾಟ್ರಿಕುಲಾ ತಾಣದಲ್ಲಿ ಸಾಕಷ್ಟಿವೆ. ಆರ್ಕಿಯೋನ್‌ಗೆ ದುಡ್ಡು ಕೊಡಬೇಕು. ಬರಹ ಎಲ್ಲಾ ಕುರೆಂಟ್ ಅನ್ನೋ ಹಳೇ ಜರ್ಮನ್ ಕೈಬರಹ, ಈಗಿನ ಜರ್ಮನ್ನರಿಗೂ ಜಾಸ್ತಿ ಜನಕ್ಕೆ ಓದಕ್ಕೆ ಬರಲ್ಲ, ಹಳೇ ಕೈಬರಹ ಓದುವ ಟ್ರಾನ್ಸ್‌ಕ್ರಿಬಸ್ ಅನ್ನೋ ಕಂಪ್ಯೂಟರ್ ಸಾಧನಕ್ಕೆ ಹಾಕಿ ನೋಡಿ.