ಹೆಡೆಮೊರಾ ಕೋಳಿ ಸಾಕಿದವರು ಇದ್ದೀರಾ?

ಡಾಲಾ_ಕನ್ನಡಿಗ:
ನಾವಿರೋದು ಸ್ವೀಡನ್ನಿನ ಡಾಲಾರ್ನಾದಲ್ಲಿ, ಮನೆ ಹಿಂದೆಯೇ ಕಾಡು. ನಾಲ್ಕೈದು ಹೇಂಟೆ, ಒಂದು ಹುಂಜ ತರೋಣ ಅಂತಿದ್ದೇವೆ. ಪಕ್ಕದ ಮನೆಯವರು ಹೆಡೆಮೊರಾ ತಳಿಯನ್ನೇ ತನ್ನಿ, ಅದು ಇದೇ ಸೀಮೆಯ ಕೋಳಿ ಅಂತಾರೆ. ಇಲ್ಲಿ ಚಳಿ ಮೈನಸ್ 20ಕ್ಕೂ ಇಳಿಯುತ್ತದೆ. ಹೀಟರ್ ಇಲ್ಲದೆ ಬದುಕುತ್ತವಾ? ಮೊಟ್ಟೆ ಇಡುತ್ತವಾ?

ಹುಂಜಪ್ಪ:
ಧೈರ್ಯವಾಗಿ ತನ್ನಿ. ಹೊರಗಿನ ಪುಕ್ಕದ ಕೆಳಗೆ ದಟ್ಟವಾದ ಮೆತ್ತನೆ ತುಪ್ಪಳ ಇರುತ್ತದೆ, ಕೆಲವಕ್ಕೆ ಮೈಯೆಲ್ಲ ಉಣ್ಣೆ ಥರವೇ ಇರುತ್ತದೆ. ಹೀಟರ್ ಮಾತ್ರ ಬೇಡ. ಬೆಚ್ಚಗಿನ ಗೂಡಿಗೆ ಒಗ್ಗಿದ ಕೋಳಿಗೆ ಒಂದು ರಾತ್ರಿ ಕರೆಂಟ್ ಹೋದರೆ ಕಷ್ಟ, ಜೊತೆಗೆ ಒಣ ಹೊಟ್ಟಿಗೆ ಬೆಂಕಿ ಹತ್ತೋ ಭಯ ಬೇರೆ.

ಕಾಡಂಚು:
ಚಳಿಗಿಂತ ತೇವಕ್ಕೆ ಹೆದರಿ. ಉಸಿರು, ಹಿಕ್ಕೆ ಎರಡರಿಂದಲೂ ಗೂಡಿನಲ್ಲಿ ತೇವ ತುಂಬುತ್ತದೆ, ಅದು ಹೊರಗೆ ಹೋಗದಿದ್ದರೆ ಹುಂಜದ ಜುಟ್ಟಿನ ತುದಿ ಮರಗಟ್ಟಿ ಕಪ್ಪಾಗುತ್ತದೆ. ಬೆಚ್ಚಗಿರಲಿ ಅಂತ ಸಂದುಗೊಂದೆಲ್ಲ ಮುಚ್ಚೋದೇ ತಪ್ಪು. ಕೋಳಿ ಕೂರುವ ಕೋಲಿಗಿಂತ ಮೇಲೆ ಗಾಳಿಕಿಂಡಿ ಬಿಡಿ, ಕೆಳಗೆ ಮರದ ಹೊಟ್ಟು ದಪ್ಪಗೆ ಹಾಕಿ. ನೀರು ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳೋದೇ ದಿನದ ದೊಡ್ಡ ಕೆಲಸ, ಸುಮ್ನೆ ಹೇಳ್ತಿಲ್ಲ.

ಮೊಟ್ಟೆ ವಿಷಯ: ಚಳಿಯಲ್ಲೂ ಇಡುತ್ತವೆ ಅನ್ನೋ ಹೆಸರು ಈ ತಳಿಗಿದೆ. ಆದರೆ ಡಿಸೆಂಬರಿನಲ್ಲಿ ನಿಮ್ಮ ಕಡೆ ಹಗಲು ಆರು ಗಂಟೆ ಸುಮಾರು ಅಷ್ಟೇ ಅಲ್ವಾ? ಮೊಟ್ಟೆ ನಿಲ್ಲಿಸೋದು ಜಾಸ್ತಿ ಈ ಕತ್ತಲೆಯೇ. ಬೆಳಗಿನ ಜಾವ ಒಂದು ಬಲ್ಬು ಹಾಕಿದರೆ ಇಡುತ್ತವೆ. ನಾನಾದರೆ ಹಾಕಲ್ಲ, ಅವಕ್ಕೂ ರಜೆ ಬೇಕು.

ಡಾಲಾ_ಕನ್ನಡಿಗ:
ಥ್ಯಾಂಕ್ಸ್. ಅಂಗಡಿಯಲ್ಲಿ ಸಿಗೋ ಕಂದು ಹೈಬ್ರಿಡ್ ಹೇಂಟೆ ಎರಡು ಜೊತೆಗೆ ಬಿಡಬಹುದಾ? ಮೊಟ್ಟೆ ಜಾಸ್ತಿ ಸಿಗುತ್ತೆ ಅಂತ.

ಹುಂಜಪ್ಪ:
ತಿನ್ನೋ ಮೊಟ್ಟೆಗೆ ಪರವಾಗಿಲ್ಲ. ಮರಿ ಮಾಡೋದಾದರೆ ಬೇಡ. ಈ ನಾಟಿ ತಳಿಗಳು ಕಣ್ಮರೆಯಾಗೋ ಹಂತಕ್ಕೆ ಬಂದಿದ್ದವು, 1986ರಲ್ಲಿ ಶುರುವಾದ ಸ್ವೀಡಿಷ್ ನಾಟಿ ಕೋಳಿ ಕ್ಲಬ್ಬಿನಿಂದ ಉಳಿದುಕೊಂಡಿವೆ. ಅವರ ಜೀನ್ ಬ್ಯಾಂಕ್, ಅಂದರೆ ಶುದ್ಧ ತಳಿ ಉಳಿಸಿಡೋ ವ್ಯವಸ್ಥೆ, ಯಾವುದೋ ಫ್ರಿಜ್ ಅಲ್ಲ, ಸದಸ್ಯರ ಹಿತ್ತಲಲ್ಲಿ ಓಡಾಡೋ ಕೋಳಿಗಳೇ. ಬೆರಕೆಯಾದರೆ ಆ ಲೆಕ್ಕಕ್ಕೆ ಬರಲ್ಲ. ಕಾವಿನ ಮೊಟ್ಟೆಯಾಗಲಿ ಮರಿಯಾಗಲಿ ಅಂಥ ಸದಸ್ಯರ ಹತ್ತಿರವೇ ಕೇಳಿ.

ಕಾಡಂಚು:
ಕೃಷಿ ಇಲಾಖೆಯಲ್ಲಿ ನೋಂದಣಿ ಮರೀಬೇಡಿ, ಎರಡೇ ಕೋಳಿಯಾದರೂ ಬೇಕು. ಅಂಗಳದ ಮೇಲಕ್ಕೂ ಬಲೆ ಕಟ್ಟಿ. ಕಾಡು ಪಕ್ಕದಲ್ಲೇ ಅಂದಿರಿ, ನರಿ ನೆಲದಿಂದ ಬಂದರೆ ಗಿಡುಗ ಮೇಲಿಂದ ಬರುತ್ತದೆ.