ಮಿದುಳಲ್ಲಿ ರಕ್ತಸ್ರಾವ ಆಗಿ ಮೂರು ತಿಂಗಳು. ಅವತ್ತೂ ‘4’, ಇವತ್ತೂ ‘4’. ಸುಧಾರಣೆನೇ ಇಲ್ವಾ?

ತೀರ್ಥಹಳ್ಳಿ_ಸೊಸೆ:

ನಮ್ಮ ಮಾವನಿಗೆ 64. ಬಿಪಿ ಏರಿ ಮಿದುಳಿನ ಎಡಭಾಗದಲ್ಲಿ ರಕ್ತಸ್ರಾವ ಆಯ್ತು. ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದವು. ಡಿಸ್ಚಾರ್ಜ್ ಚೀಟಿಯಲ್ಲಿ ‘ಎಂಆರ್‌ಎಸ್ 4’ ಅಂತ ಬರೆದಿದ್ದರು. ಮೊನ್ನೆ ಚೆಕಪ್‌ಗೆ ಹೋದರೆ ಮತ್ತೆ ಅದೇ 4. ಕೇಳೋಣ ಅನ್ನುವಷ್ಟರಲ್ಲಿ ಮುಂದಿನ ಪೇಷಂಟ್ ಒಳಗೆ ಬಂದಾಗಿತ್ತು. ನಮ್ಮ ಚಿಕ್ಕಮಾವ ‘6ಕ್ಕೆ 4 ಅಂದ್ರೆ ಫಸ್ಟ್ ಕ್ಲಾಸು’ ಅಂತ ನೆಂಟರಿಗೆಲ್ಲ ಫೋನ್ ಮಾಡಿಬಿಟ್ಟರು! ಗೂಗಲ್ ಮಾಡಿದರೆ ಇದು ಉಲ್ಟಾ ಲೆಕ್ಕ. 0 ಅಂದ್ರೆ ಏನೂ ತೊಂದರೆ ಇಲ್ಲ, 6 ಅಂದ್ರೆ ಸಾವು. ಅತ್ತೆಗೆ ಇನ್ನೂ ಹೇಳಿಲ್ಲ.

ಆದರೆ ಮನೇಲಿ ಕಾಣುವುದೇ ಬೇರೆ. ಆಗ ಹಾಸಿಗೆಯಿಂದ ಎಬ್ಬಿಸಲು ಇಬ್ಬರು ಬೇಕಿತ್ತು, ಮೂತ್ರಕ್ಕೆ ಪೈಪು ಹಾಕಿತ್ತು, ನಾವೇ ತಿನ್ನಿಸುತ್ತಿದ್ದೆವು. ಈಗ ಒಬ್ಬರು ಕೈಕೊಟ್ಟರೆ ಏಳುತ್ತಾರೆ. ಹಿಡಿದುಕೊಂಡರೆ ಗೇಟಿನ ತನಕ ಹೋಗಿ ಬರುತ್ತಾರೆ. ಪೈಪು ತೆಗೆದಾಗಿದೆ, ರಾತ್ರಿ ಒಂದೊಂದು ಸಲ ಪಂಚೆ ಒದ್ದೆಯಾಗುತ್ತೆ ಅಷ್ಟೆ. ಅನ್ನ ಕಲಸಿಕೊಟ್ಟರೆ ಎಡಗೈಲಿ ಚಮಚ ಹಿಡಿದು ತಾವೇ ಊಟ ಮಾಡ್ತಾರೆ. ಅಂಗಿಯ ಒಂದು ತೋಳು ತಾವೇ ಹಾಕಿಕೊಳ್ತಾರೆ. ಇದೆಲ್ಲ ಲೆಕ್ಕಕ್ಕೇ ಇಲ್ವಾ?

ಹುಬ್ಬಳ್ಳಿ_ಫಿಸಿಯೋ:

ಮೇಡಂ, ಲೆಕ್ಕಕ್ಕೆ ಇದೆ. ಆ ಪಟ್ಟಿಯಲ್ಲಿ ಇಲ್ಲ, ಅಷ್ಟೆ.

ಎಂಆರ್‌ಎಸ್ ಅಂದ್ರೆ ಮಾಡಿಫೈಡ್ ರ‍್ಯಾಂಕಿನ್ ಸ್ಕೇಲ್, ಸ್ಟ್ರೋಕ್ ಆದವರು ಓಡಾಟಕ್ಕೆ, ದಿನದ ಕೆಲಸಕ್ಕೆ ಬೇರೆಯವರನ್ನು ಎಷ್ಟು ನೆಚ್ಚಿಕೊಂಡಿದ್ದಾರೆ ಅಂತ ಅಳೆಯುವ ಪಟ್ಟಿ. ಗ್ಲಾಸ್ಗೋದ ಡಾ. ಜಾನ್ ರ‍್ಯಾಂಕಿನ್ 1957ರಲ್ಲಿ ಮೂಲ ಪಟ್ಟಿ ಮಾಡಿದ್ದು, ಆಮೇಲೆ ಬೇರೆಯವರು ತಿದ್ದಿದರು. ಸಾವನ್ನು ಬಿಟ್ಟರೆ ಇರುವುದೇ ಆರು ಮೆಟ್ಟಿಲು, ಹಾಗಾಗಿ ಒಂದೊಂದೂ ಅಗಲ ಜಾಸ್ತಿ. ಇನ್ನೊಬ್ಬರ ಆಸರೆ ಇಲ್ಲದೆ ನಡೆದರೆ 3, ಆಸರೆ ಬೇಕಾದರೆ 4. ಕೋಲು ಹಿಡಿದು ಒಬ್ಬರೇ ನಡೆದರೂ 3 ಆಗುತ್ತೆ, ಕೋಲು ಲೆಕ್ಕವಿಲ್ಲ. ನಿಮ್ಮ ಮಾವ ಗೇಟಿನ ತನಕ ಹೋದರೂ ಯಾರೋ ಹಿಡಿದಿರುತ್ತೀರಿ ಅಲ್ವಾ? ಅದಕ್ಕೇ 4. ನಿಜ ಹೇಳಬೇಕಂದ್ರೆ ಡಿಸ್ಚಾರ್ಜ್ ದಿನದ ಸ್ಥಿತಿಗೆ ಎಷ್ಟೋ ಜನ 5 ಅಂತಲೇ ಬರೆಯುತ್ತಿದ್ದರು. ಬರೆಯುವವರ ಮೇಲೂ ಹೋಗುತ್ತೆ ಇದು.

ಮನೆಯವರಿಗೆ ನಾನು ಹೇಳುವುದು ಬಾರ್ತೆಲ್ ಇಂಡೆಕ್ಸ್. 1965ರದ್ದು. ಊಟ, ಸ್ನಾನ, ಬಟ್ಟೆ, ಕಕ್ಕಸು, ನಡಿಗೆ, ಮೆಟ್ಟಿಲು ಹತ್ತುವುದು ಹೀಗೆ ಹತ್ತು ಕೆಲಸ, ಒಟ್ಟು 100. ಇಲ್ಲಿ ಜಾಸ್ತಿ ಬಂದರೆ ಒಳ್ಳೇದು, ನಿಮ್ಮ ಚಿಕ್ಕಮಾವನಿಗೆ ಇದೇ ಸರಿ! ತಿನ್ನಿಸಬೇಕಿದ್ದರೆ 0, ಕಲಸಿಕೊಟ್ಟರೆ ತಿನ್ನುವವರಿಗೆ 5, ಪೂರ್ತಿ ತಾವೇ ಮಾಡಿಕೊಂಡರೆ 10. ಹಾಸಿಗೆಯಿಂದ ಕುರ್ಚಿಗೆ ಬರಲು ಇಬ್ಬರು ಬೇಕಿದ್ದರೆ 5, ಒಬ್ಬರು ಸ್ವಲ್ಪ ಕೈಕೊಟ್ಟರೆ ಸಾಕಾದರೆ 10. ಸ್ನಾನಕ್ಕಾದರೆ ನಡುವೆ ಏನೂ ಇಲ್ಲ. ಪೂರ್ತಿ ತಾವೇ ಮಾಡಿದರೆ 5, ಬೆನ್ನಿಗೆ ನೀರು ಹಾಕಲು ಜನ ಬೇಕಾದರೂ 0.

ನೀವು ಹೇಳಿದ್ದನ್ನೇ ಅಂದಾಜಿಗೆ ಕೂಡಿದೆ. ಕಕ್ಕಸಿನ ಹಿಡಿತ ಆಗಲೂ ಇತ್ತು ಅಂದುಕೊಂಡರೆ ಅವತ್ತು 15, ಇವತ್ತು 50ರ ಹತ್ತಿರ. ಎರಡೂ ಅದೇ ‘4’ರೊಳಗೆ ಕೂತಿವೆ.

ಇನ್ನೊಂದು ಮಾತು. ಸ್ಟ್ರೋಕ್‌ನಲ್ಲಿ 90 ದಿನಕ್ಕೆ ಎಂಆರ್‌ಎಸ್ ನೋಡುವುದು ವಾಡಿಕೆ. ರಕ್ತಸ್ರಾವದವರು ಚೇತರಿಸಿಕೊಳ್ಳುವುದು ನಿಧಾನ. ಅದಕ್ಕೇ ಈಗಿನ ಅಧ್ಯಯನಗಳಲ್ಲಿ ಆರು ತಿಂಗಳು, ಒಂದು ವರ್ಷದ ತನಕವೂ ನೋಡುತ್ತಾರೆ.

ಮಂಡ್ಯದಕ್ಕ:

ಬಾರ್ತೆಲ್ ಅನ್ನೂ ಪೂರ್ತಿ ನಂಬಬೇಡಿ ತಂಗಿ. ನಮ್ಮ ಯಜಮಾನರಿಗೆ 100ಕ್ಕೆ 100. ಸ್ನಾನ, ಊಟ, ಮೆಟ್ಟಿಲು ಎಲ್ಲಾ ಸಲೀಸು. ಆದರೆ ‘ಉಪ್ಪು’ ಅನ್ನಲು ಹೋಗಿ ‘ಬೀಗ’ ಅಂತಾರೆ. ದಿನಸಿ ಅಂಗಡಿಯ ಉದ್ರಿ ಪುಸ್ತಕ ಮುಂದಿಟ್ಟರೆ ಸುಮ್ನೆ ನೋಡ್ತಾ ಕೂರ್ತಾರೆ. ಆ ಹತ್ತು ಕೆಲಸದಲ್ಲಿ ಮಾತೂ ಇಲ್ಲ, ಲೆಕ್ಕವೂ ಇಲ್ಲ. ಎಂಆರ್‌ಎಸ್‌ನಲ್ಲಿ ಅವರಿಗೆ 2 ಹಾಕಿದರು. ಮೊದಲು ಮಾಡ್ತಿದ್ದ ಕೆಲಸವೆಲ್ಲ ಈಗ ಆಗಲ್ಲ ಅಂತ ಅದಕ್ಕಾದರೂ ಗೊತ್ತಾಯ್ತು. ನಿಮ್ಮ ಮಾವನಿಗೂ ಎಡಭಾಗ ಅಂತೀರಿ, ಮಾತಿನ ಹಿಡಿತ ಹೆಚ್ಚಾಗಿ ಆ ಕಡೆಯೇ ಇರುತ್ತಂತೆ. ಮಾತು ಹೇಗಿದೆ?

ಹುಬ್ಬಳ್ಳಿ_ಫಿಸಿಯೋ:

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಮಾತಿಗೆ ಸ್ಪೀಚ್ ಥೆರಪಿಯವರೇ ಬೇರೆ ಪರೀಕ್ಷೆ ಮಾಡಬೇಕು. ಅಂದಹಾಗೆ, ಅಂಗವಿಕಲರ ಯುಡಿಐಡಿ ಕಾರ್ಡಿಗೆ ಈ ಅಂಕಿಗಳಷ್ಟೇ ಸಾಲದು. ಅಲ್ಲಿ ವೈದ್ಯರು ನೋಡಿ ಶೇಕಡಾ ಬರೆಯುತ್ತಾರೆ. ಮುಖ್ಯ ಸೌಲಭ್ಯಗಳಿಗೆ ಕನಿಷ್ಠ ಶೇ. 40 ಇರಬೇಕು.

ತೀರ್ಥಹಳ್ಳಿ_ಸೊಸೆ:

ಮಾತು ತೊದಲುತ್ತೆ ಅಕ್ಕ, ಆದರೆ ಪದ ತಪ್ಪಲ್ಲ. ನಿನ್ನೆ ಅಡಿಕೆ ರೇಟು ಕೇಳಿ, ಕಮ್ಮಿ ಅಂತ ಬೈದರು.

ಸರ್, ಕಕ್ಕಸಿನ ಅಂದಾಜು ಸರಿಯಾಗೇ ಇದೆ, ಅದಕ್ಕೆ ಯಾವತ್ತೂ ತೊಂದರೆ ಆಗಿಲ್ಲ. ಹತ್ತೂ ಕೆಲಸ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದೇನೆ. ಅತ್ತೆಗೆ 15, 50 ತೋರಿಸಿದೆ. ‘ಮೆಟ್ಟಿಲಿಗೆ ಯಾಕೆ ಸೊನ್ನೆ’ ಅಂತ ಜಗಳಕ್ಕೇ ಬಂದರು. ಜಗಲಿಗೆ ಮೂರು ಮೆಟ್ಟಿಲಿದೆ, ಶುರು ಮಾಡಬಹುದಾ?

ಹುಬ್ಬಳ್ಳಿ_ಫಿಸಿಯೋ:

ಮೊದಲ ಸಲ ನಿಮ್ಮ ಫಿಸಿಯೋ ಪಕ್ಕದಲ್ಲಿರಲಿ, ಮನೆಯವರೇ ಮಾಡಿಸಬೇಡಿ. ಹತ್ತುವಾಗ ಎಡಗೈಗೆ ಸಿಗುವ ಹಾಗೆ ಗಟ್ಟಿ ಕಂಬಿ ಬೇಕು. ಇಳಿಯುವಾಗ ಎಡಗೈ ಮೆಟ್ಟಿಲಿನ ಇನ್ನೊಂದು ಕಡೆಗೆ ಬರುತ್ತಲ್ಲ, ಅಲ್ಲೂ ಒಂದು ಹಾಕಿಸಿ. ಹತ್ತುವಾಗ ಸರಿಯಿರುವ ಎಡಗಾಲು ಮೊದಲು, ಇಳಿಯುವಾಗ ಸೋತ ಬಲಗಾಲು ಮೊದಲು. ಹಿಡಿಯುವವರು ಬಲಗಡೆ, ಒಂದು ಮೆಟ್ಟಿಲು ಕೆಳಗೆ ನಿಂತಿರಬೇಕು. ಬಿಪಿ ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ.